ಪೊಲೀಸ್ ಇತಿಹಾಸ ಸಂಗ್ರಹಾಲಯ: ಚಿನ್ನದ ಗಣಿ ಪ್ರದೇಶದ ಪೊಲೀಸ್ ವ್ಯವಸ್ಥೆಯ ನೆನಪುಗಳ ಸಂರಕ್ಷಣೆ

ಪೀಠಿಕೆ

ಪೊಲೀಸ್ ಠಾಣೆಗೆ ಸಾರ್ವಜನಿಕರು ಬರುವುದು ಸಾಮಾನ್ಯವಾಗಿ ದೂರು ನೀಡಲು, ಪರಿಶೀಲನಾ ಪ್ರಮಾಣಪತ್ರ ಪಡೆಯಲು ಅಥವಾ ಹಳೆಯ ಪ್ರಕರಣವೊಂದರ ವಿವರ ಕೇಳಲು. ಆ ಠಾಣೆಗೂ ಒಂದು ಇತಿಹಾಸವಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಸಮವಸ್ತ್ರ, ಲಾಠಿ, ಬಂದೂಕು, ನಿಸ್ತಂತು ಉಪಕರಣ, ದಿನಚರಿ ಪುಸ್ತಕ, ಕೈಬೆರಳಿನ ಗುರುತುಗಳ ಹಾಳೆ ಇವೆಲ್ಲವೂ ಒಂದು ಪ್ರದೇಶದ ಜನಜೀವನದ ಸಾಕ್ಷಿಗಳಾಗಿವೆ. ಇವುಗಳನ್ನು ಒಂದೆಡೆ ಸಂಗ್ರಹಿಸಿ, ವಿವರಗಳೊಂದಿಗೆ ಕಾಪಾಡಿ, ಜನರಿಗೆ ತೋರಿಸುವ ಸಂಸ್ಥೆಯೇ ಪೊಲೀಸ್ ಇತಿಹಾಸ ಸಂಗ್ರಹಾಲಯ.

ಕೋಲಾರ ಜಿಲ್ಲೆಯ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಹಾಗೂ ಬಂಗಾರಪೇಟೆ ಪ್ರದೇಶಕ್ಕೆ ಈ ವಿಷಯದಲ್ಲಿ ವಿಶೇಷ ಸ್ಥಾನವಿದೆ. ಇಲ್ಲಿ ಪ್ರತ್ಯೇಕ ಪೊಲೀಸ್ ಜಿಲ್ಲೆ ರೂಪುಗೊಳ್ಳಲು ಚಿನ್ನದ ಗಣಿಯೇ ಕಾರಣ. ಗಣಿ 2001ರಲ್ಲಿ ಮುಚ್ಚಿತು. ಪೊಲೀಸ್ ಜಿಲ್ಲೆ ಉಳಿಯಿತು. ಗಣಿ ಕಾಲದ ಪೊಲೀಸ್ ವ್ಯವಸ್ಥೆಯನ್ನು ಕಣ್ಣಾರೆ ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಆದ್ದರಿಂದ ಇಂತಹ ಸಂಗ್ರಹಾಲಯದ ಉದ್ದೇಶವೇನು, ಅದರಲ್ಲಿ ಏನನ್ನು ಉಳಿಸಬೇಕು, ಸಾರ್ವಜನಿಕರ ಪಾತ್ರವೇನು ಹಾಗೂ ಹಳೆಯ ಪೊಲೀಸ್ ದಾಖಲೆಗಳನ್ನು ಪಡೆಯುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಪ್ರದೇಶದ ಹಿನ್ನೆಲೆ

ಬ್ರಿಟಿಷ್ ಅಧಿಕಾರಿ ಜಾನ್ ವಾರೆನ್ 1802ರಲ್ಲಿ ಈ ಭಾಗದ ಸರ್ವೇಕ್ಷಣೆ ನಡೆಸಿದಾಗ, ಮಣ್ಣಿನಲ್ಲಿ ಚಿನ್ನದ ಕಣಗಳಿರುವುದನ್ನು ಮತ್ತು ಗ್ರಾಮಸ್ಥರು ಅವುಗಳನ್ನು ತೊಳೆದು ಬೇರ್ಪಡಿಸುವುದನ್ನು ದಾಖಲಿಸಿದನು. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕನ್ನು ಪಡೆದನು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಆರಂಭವಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮತ್ತು ಬಾಲಘಾಟ್ ಗಣಿಗಳು ಪ್ರಮುಖವಾಗಿದ್ದವು. ಬಂಗಾರಪೇಟೆಯಿಂದ, ಅಂದರೆ ಅಂದಿನ ಬೌರಿಂಗ್‌ಪೇಟೆಯಿಂದ, ಗಣಿಗಳಿಗೆ 1890ರ ದಶಕದಲ್ಲಿ ರೈಲು ಮಾರ್ಗ ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಪೂರೈಕೆ ಆರಂಭವಾಯಿತು.

1901ರ ಜನಗಣತಿಯಲ್ಲಿ ಚಿನ್ನದ ಗಣಿ ಪಟ್ಟಣದ ಜನಸಂಖ್ಯೆ 38,204 ಇತ್ತು. ಅದಕ್ಕೆ ಎರಡು ದಶಕಗಳ ಹಿಂದೆ ಇಲ್ಲಿ ಪಟ್ಟಣವೇ ಇರಲಿಲ್ಲ. ತಮಿಳು ಮತ್ತು ತೆಲುಗು ಜಿಲ್ಲೆಗಳಿಂದ ಬಂದ ಸಾವಿರಾರು ಕಾರ್ಮಿಕರು, ಇಂಗ್ಲೆಂಡಿನ ಕಾರ್ನ್‌ವಾಲ್ ಹಾಗೂ ಇಟಲಿಯಿಂದ ಬಂದ ಗಣಿಗಾರರು, ಆಂಗ್ಲೋ ಇಂಡಿಯನ್ನರು, ಸುತ್ತಲಿನ ಕನ್ನಡ ಮತ್ತು ತೆಲುಗು ಗ್ರಾಮಗಳ ವ್ಯಾಪಾರಿಗಳು ಕೆಲವೇ ಚದರ ಮೈಲಿಗಳಲ್ಲಿ ನೆಲೆಸಿದರು. ಮೈಸೂರು ಸಂಸ್ಥಾನದ ಬೇರಾವ ಪಟ್ಟಣದಲ್ಲಿಯೂ ಇಂತಹ ಪರಿಸ್ಥಿತಿ ಇರಲಿಲ್ಲ.

2. ಪ್ರತ್ಯೇಕ ಪೊಲೀಸ್ ವ್ಯವಸ್ಥೆಯ ಅಗತ್ಯ

ಆಧುನಿಕ ಪೊಲೀಸ್ ವ್ಯವಸ್ಥೆ ಬರುವ ಮುನ್ನ ಮೈಸೂರು ಸೀಮೆಯ ಗ್ರಾಮಗಳಲ್ಲಿ ಕಾವಲಿನ ಹೊಣೆ ತಳವಾರ ಮತ್ತು ತೋಟಿಯವರದಾಗಿತ್ತು. ತಾಲ್ಲೂಕು ಮಟ್ಟದಲ್ಲಿ ಅಮಲ್ದಾರರ ಅಧೀನದಲ್ಲಿ ಕಂದಾಚಾರದ ಸಿಬ್ಬಂದಿ ಇರುತ್ತಿದ್ದರು. ಪರಸ್ಪರ ಪರಿಚಯವಿರುವ ಕೃಷಿ ಗ್ರಾಮಕ್ಕೆ ಈ ಪದ್ಧತಿ ಸಾಕಾಗುತ್ತಿತ್ತು. ಪ್ರತಿ ಪಾಳಿಯಲ್ಲಿಯೂ ಸಾವಿರಾರು ಜನ ಭೂಗರ್ಭಕ್ಕೆ ಇಳಿದು ಏರುವ, ಅಪರಿಚಿತರೇ ಹೆಚ್ಚಾಗಿರುವ ಗಣಿ ಪಟ್ಟಣಕ್ಕೆ ಅದು ಸಾಕಾಗುವಂತಿರಲಿಲ್ಲ.

ಇದರ ಜೊತೆಗೆ ಚಿನ್ನದ ಕಳ್ಳತನದ ಸಮಸ್ಯೆಯೂ ಇತ್ತು. ಕದ್ದ ದನವನ್ನು ಅದರ ಗುರುತಿನಿಂದ, ಕದ್ದ ಒಡವೆಯನ್ನು ಅದರ ಆಕಾರದಿಂದ ಪತ್ತೆ ಮಾಡಬಹುದು. ಆದರೆ ಅದಿರಿನ ಚೂರು ಅಥವಾ ಪಾದರಸದೊಂದಿಗೆ ಬೆರೆತ ಚಿನ್ನವನ್ನು ಒಮ್ಮೆ ಕರಗಿಸಿದರೆ ಅದು ಯಾವ ಗಣಿಯದು, ಯಾರದು ಎಂದು ಹೇಳಲು ಸಾಧ್ಯವಾಗುವುದಿಲ್ಲ. ಈ ಕಾರಣದಿಂದ ಮೈಸೂರು ಸಂಸ್ಥಾನವು ಗಣಿಗಳಿಗಾಗಿಯೇ ಪ್ರತ್ಯೇಕ ಕಾನೂನುಗಳನ್ನು ಮಾಡಬೇಕಾಯಿತು. ಗಣಿಗೆ ಸೇರಿದ ಪದಾರ್ಥವನ್ನು ಲೆಕ್ಕವಿಲ್ಲದೆ ಹೊಂದಿರುವುದೂ ಅಪರಾಧವಾಯಿತು. ತಪಾಸಣೆ, ಶೋಧನೆ ಮತ್ತು ಗುರುತು ಪತ್ತೆ ಇಲ್ಲಿನ ದೈನಂದಿನ ಜೀವನದ ಭಾಗವಾದವು.

ಇಂದು ಕೋಲಾರ ಒಂದೇ ಕಂದಾಯ ಜಿಲ್ಲೆಯಾಗಿದ್ದರೂ ಪೊಲೀಸ್ ಆಡಳಿತದಲ್ಲಿ ಕೋಲಾರ ಮತ್ತು ಕೆ.ಜಿ.ಎಫ್. ಎಂಬ ಎರಡು ಜಿಲ್ಲೆಗಳಿವೆ. ಕೆ.ಜಿ.ಎಫ್. ಪೊಲೀಸ್ ಜಿಲ್ಲೆಗೆ ಪ್ರತ್ಯೇಕ ಪೊಲೀಸ್ ಅಧೀಕ್ಷಕರಿದ್ದಾರೆ. ಗಣಿ ಪಟ್ಟಣದ ಠಾಣೆಗಳಲ್ಲದೆ ಬಂಗಾರಪೇಟೆ, ಬೇತಮಂಗಲ ಮತ್ತು ಕಾಮಸಮುದ್ರದಂತಹ ಗ್ರಾಮಾಂತರ ಠಾಣೆಗಳೂ ಇದರ ವ್ಯಾಪ್ತಿಯಲ್ಲಿವೆ. ಹೊರಗಿನಿಂದ ಬಂದವರಿಗೆ ಈ ವ್ಯವಸ್ಥೆ ವಿಚಿತ್ರವೆನಿಸಬಹುದು. ಇದರ ಕಾರಣ ಗಣಿಯ ಇತಿಹಾಸದಲ್ಲಿದೆ.

3. ಸಮವಸ್ತ್ರ ಧರಿಸಿದವರೆಲ್ಲರೂ ಪೊಲೀಸರಲ್ಲ

ಈ ಪ್ರದೇಶದಲ್ಲಿ ದೊರೆಯುವ ಹಳೆಯ ಬಿಲ್ಲೆ, ಬೆಲ್ಟು, ಗುಂಡಿ ಮತ್ತು ಭಾವಚಿತ್ರಗಳನ್ನು ಗುರುತಿಸುವಾಗ ಒಂದು ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಇಲ್ಲಿ ಕನಿಷ್ಠ ನಾಲ್ಕು ಬಗೆಯ ಸಮವಸ್ತ್ರಧಾರಿಗಳು ಬೇರೆ ಬೇರೆ ಕಾಲದಲ್ಲಿ ಕೆಲಸ ಮಾಡಿದ್ದಾರೆ.

(ಅ) ರಾಜ್ಯ ಪೊಲೀಸರು: ಮೊದಲು ಮೈಸೂರು ಸಂಸ್ಥಾನದ, ನಂತರ ಮೈಸೂರು ರಾಜ್ಯದ ಹಾಗೂ 1973ರ ನವೆಂಬರ್ 1ರಿಂದ ಕರ್ನಾಟಕದ ಪೊಲೀಸರು.

(ಆ) ಗಣಿ ಕಾವಲು ಸಿಬ್ಬಂದಿ: ಗಣಿ ಕಂಪನಿಗಳು ವೇತನ ನೀಡಿ ನೇಮಿಸಿಕೊಂಡಿದ್ದ ವಾಚ್ ಅಂಡ್ ವಾರ್ಡ್ ವಿಭಾಗದವರು. ಕಂಪನಿಯ ಕಾಲದಲ್ಲಿ ಪಂಜಾಬಿನಿಂದ ಬಂದ ಕಾವಲುಗಾರರೂ ಇವರಲ್ಲಿದ್ದರು. ಇವರು ಸರ್ಕಾರಿ ಪೊಲೀಸರಾಗಿರಲಿಲ್ಲ.

(ಇ) ಸ್ವಯಂಸೇವಕ ಸೈನ್ಯ ದಳ: ಸ್ವಾತಂತ್ರ್ಯಪೂರ್ವದಲ್ಲಿ ಗಣಿ ಪ್ರದೇಶದ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನಿವಾಸಿಗಳಿಂದ ಕೂಡಿದ್ದ ದಳ.

(ಈ) ರೈಲ್ವೆ ಸಿಬ್ಬಂದಿ: ಬಂಗಾರಪೇಟೆ ಜಂಕ್ಷನ್ ಹಾಗೂ ಮಾರಿಕುಪ್ಪಂ ಮಾರ್ಗಕ್ಕೆ ಸಂಬಂಧಿಸಿದ ರೈಲ್ವೆ ಪೊಲೀಸರು ಮತ್ತು ರೈಲ್ವೆ ರಕ್ಷಣಾ ದಳದವರು. ರೈಲ್ವೆ ಪೊಲೀಸರು ರಾಜ್ಯಕ್ಕೆ ಸೇರಿದವರು. ರೈಲ್ವೆ ರಕ್ಷಣಾ ದಳವು ಕೇಂದ್ರಕ್ಕೆ ಸೇರಿದ್ದು.

ಈ ನಾಲ್ಕನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿರಿಸಿ "ಹಳೆಯ ಪೊಲೀಸ್ ಸಾಮಗ್ರಿ" ಎಂಬ ಫಲಕ ಹಾಕಿದರೆ ಇತಿಹಾಸ ತಪ್ಪಾಗುತ್ತದೆ. ಕಂಪನಿಯ ಲಾಭಕ್ಕಾಗಿ ಕಾವಲು ಕಾಯ್ದವರಿಗೂ ಕಾನೂನಿನ ಹೆಸರಿನಲ್ಲಿ ಕೆಲಸ ಮಾಡಿದವರಿಗೂ ಇರುವ ವ್ಯತ್ಯಾಸವನ್ನು ಮುಂದಿನ ಪೀಳಿಗೆ ತಿಳಿಯಬೇಕಾದರೆ, ಸಂಗ್ರಹಾಲಯದ ವಿವರ ಫಲಕವೇ ಅದನ್ನು ಹೇಳಬೇಕು.

4. ನಮ್ಮ ದೇಶದ ಪೊಲೀಸ್ ಸಂಗ್ರಹಾಲಯಗಳು

ಪೊಲೀಸ್ ಸಂಗ್ರಹಾಲಯಗಳು ಎರಡು ಉದ್ದೇಶಗಳಿಂದ ಹುಟ್ಟಿಕೊಂಡಿವೆ. ಮೊದಲನೆಯದು ತರಬೇತಿ. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ 1870ರ ದಶಕದಲ್ಲಿ ಆರಂಭವಾದ ಅಪರಾಧ ಸಂಗ್ರಹಾಲಯವು ಅಪರಾಧಿಗಳು ಬಳಸಿದ ಸಾಧನಗಳನ್ನು ಪೊಲೀಸರಿಗೆ ತೋರಿಸಿ ಕಲಿಸಲು ಏರ್ಪಟ್ಟಿತು. ಅದು ಸಾರ್ವಜನಿಕರಿಗೆ ಮುಕ್ತವಾಗಿರಲಿಲ್ಲ. ಎರಡನೆಯದು ಸಾರ್ವಜನಿಕ ಸ್ಮರಣೆ. ಭಾರತದಲ್ಲಿ ಈಚಿನ ದಶಕಗಳಲ್ಲಿ ಆರಂಭವಾದ ಸಂಗ್ರಹಾಲಯಗಳು ಹೆಚ್ಚಾಗಿ ಈ ಎರಡನೆಯ ವರ್ಗಕ್ಕೆ ಸೇರಿವೆ. ಕೆಲವು ಉದಾಹರಣೆಗಳು ಈ ಕೆಳಕಂಡಂತಿವೆ.

(ಅ) ಕೊಲ್ಲಂ, ಕೇರಳ: ಸರ್ದಾರ್ ವಲ್ಲಭಭಾಯಿ ಪಟೇಲ್ ಪೊಲೀಸ್ ಸಂಗ್ರಹಾಲಯವು 2000ದಲ್ಲಿ ಆರಂಭವಾಯಿತು. ರೈಲು ನಿಲ್ದಾಣದ ಸಮೀಪದಲ್ಲಿರುವುದರಿಂದ ಪ್ರಯಾಣಿಕರಿಗೂ ಅನುಕೂಲವಾಗಿದೆ.

(ಆ) ಕೊಯಮತ್ತೂರು, ತಮಿಳುನಾಡು: ಹಳೆಯ ಹ್ಯಾಮಿಲ್ಟನ್ ಕ್ಲಬ್ ಕಟ್ಟಡವನ್ನು ದುರಸ್ತಿಪಡಿಸಿ 2018ರಲ್ಲಿ ಸಂಗ್ರಹಾಲಯವನ್ನು ತೆರೆಯಲಾಯಿತು.

(ಇ) ಚೆನ್ನೈ, ತಮಿಳುನಾಡು: ಎಗ್ಮೋರ್‌ನಲ್ಲಿರುವ ಹಳೆಯ ಪೊಲೀಸ್ ಆಯುಕ್ತರ ಕಚೇರಿಯ ಪಾರಂಪರಿಕ ಕಟ್ಟಡದಲ್ಲಿ ತಮಿಳುನಾಡು ಪೊಲೀಸ್ ಸಂಗ್ರಹಾಲಯವು 2021ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಬಂಗಾರಪೇಟೆಯು ಬೆಂಗಳೂರು–ಚೆನ್ನೈ ರೈಲು ಮಾರ್ಗದಲ್ಲಿರುವುದರಿಂದ ಈ ಭಾಗದ ಶಾಲೆಗಳು ಶೈಕ್ಷಣಿಕ ಪ್ರವಾಸದಲ್ಲಿ ಇದನ್ನು ಸೇರಿಸಿಕೊಳ್ಳಬಹುದು.

(ಈ) ನವದೆಹಲಿ: ಚಾಣಕ್ಯಪುರಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕ ಮತ್ತು ಸಂಗ್ರಹಾಲಯವನ್ನು 2018ರ ಅಕ್ಟೋಬರ್ 21ರಂದು ದೇಶಕ್ಕೆ ಸಮರ್ಪಿಸಲಾಯಿತು. 1959ರ ಅದೇ ದಿನಾಂಕದಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಗಳ ದಾಳಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಅವರ ನೆನಪಿಗಾಗಿ ಅಕ್ಟೋಬರ್ 21ನ್ನು ಪೊಲೀಸ್ ಹುತಾತ್ಮರ ದಿನವನ್ನಾಗಿ ಆಚರಿಸಲಾಗುತ್ತದೆ.

ಕೊಯಮತ್ತೂರು ಮತ್ತು ಚೆನ್ನೈ ಸಂಗ್ರಹಾಲಯಗಳಲ್ಲಿ ಹಳೆಯ ಕಟ್ಟಡವೇ ಮೊದಲ ಪ್ರದರ್ಶನ ವಸ್ತುವಾಗಿದೆ. ಗಣಿ ಕಾಲದ ಕಟ್ಟಡಗಳು ಇನ್ನೂ ನಿಂತಿರುವ ಊರಿಗಾಂ ಮತ್ತು ಚಾಂಪಿಯನ್ ರೀಫ್ ಪ್ರದೇಶಕ್ಕೆ ಇದು ಗಮನಾರ್ಹ ಮಾದರಿ.

5. ಸಂರಕ್ಷಿಸಬೇಕಾದ ವಸ್ತುಗಳು

5.1 ಸಮವಸ್ತ್ರ: ಕರ್ನಾಟಕದ ಕಾನ್ಸ್‌ಟೇಬಲ್‌ಗಳ ಒಂದು ಬದಿ ಮೇಲಕ್ಕೆ ಮಡಿಚಿದ ಅಗಲ ಅಂಚಿನ ಟೋಪಿ ಅನೇಕ ದಶಕಗಳ ಕಾಲ ರಾಜ್ಯದ ಪೊಲೀಸರ ಗುರುತಾಗಿತ್ತು. 2025ರಲ್ಲಿ ಅದರ ಬದಲಿಗೆ ಪೀಕ್ ಕ್ಯಾಪ್ ನೀಡುವ ಕ್ರಮ ಆರಂಭವಾಯಿತು. ನಿನ್ನೆಯವರೆಗೆ ಪ್ರತಿ ವೃತ್ತದಲ್ಲಿಯೂ ಕಾಣುತ್ತಿದ್ದ ಟೋಪಿ ಇನ್ನು ಕೆಲವು ವರ್ಷಗಳಲ್ಲಿ ಹುಡುಕಿದರೂ ಸಿಗದಂತಾಗಬಹುದು. ಎಲ್ಲರ ಬಳಿಯೂ ಇದ್ದ ಕಾರಣಕ್ಕಾಗಿಯೇ ಸಾಮಾನ್ಯ ವಸ್ತುಗಳನ್ನು ಯಾರೂ ಕಾದಿರಿಸುವುದಿಲ್ಲ. ಕಾನ್ಸ್‌ಟೇಬಲ್‌ಗಳು ಚಡ್ಡಿ ಧರಿಸುತ್ತಿದ್ದ ಕಾಲದ ಪೂರ್ಣ ಸಮವಸ್ತ್ರ, ಕಾಲಿಗೆ ಸುತ್ತುವ ಪಟ್ಟಿ, ದಫೇದಾರರ ಭುಜಪಟ್ಟಿ ಇವು ಈ ವರ್ಗಕ್ಕೆ ಸೇರುತ್ತವೆ.

5.2 ದಾಖಲೆ ಪುಸ್ತಕಗಳು: ಪ್ರಥಮ ವರ್ತಮಾನ ವರದಿ ಪುಸ್ತಕ, ಠಾಣಾ ದಿನಚರಿ, ಗಸ್ತು ಪುಸ್ತಕ, ಗ್ರಾಮ ಅಪರಾಧ ಇತಿಹಾಸ ಮುಂತಾದವು. ಗಂಟೆ ಗಂಟೆಗೂ ಬರೆದ ದಿನಚರಿಯಲ್ಲಿ ಅಪರಾಧದ ವಿವರ ಮಾತ್ರವಲ್ಲದೆ ಗಣಿಯಲ್ಲಿನ ಕಲ್ಲು ಸಿಡಿತ, ಜಾತ್ರೆಯ ಬಂದೋಬಸ್ತು, ಸಾಂಕ್ರಾಮಿಕ ರೋಗ, ಮುಷ್ಕರ ಮೊದಲಾದ ಊರಿನ ಸಮಸ್ತ ವಿದ್ಯಮಾನಗಳೂ ಬರುತ್ತವೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, 1860 ಮತ್ತು ದಂಡ ಪ್ರಕ್ರಿಯಾ ಸಂಹಿತೆ, 1973ರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳು ಜಾರಿಗೆ ಬಂದಿವೆ. ಆದ್ದರಿಂದ ಹಳೆಯ ಕಲಂಗಳ ಪ್ರಕಾರ ಬರೆದ ಖಾಲಿ ನಮೂನೆಗಳೂ ಈಗ ಇತಿಹಾಸದ ವಸ್ತುಗಳೇ ಆಗಿವೆ.

5.3 ಗುರುತು ಪತ್ತೆಯ ಸಾಮಗ್ರಿ: ಬೆರಳಚ್ಚು ಶಾಯಿಯ ಹಲಗೆ, ಉರುಳೆ, ಅಳತೆ ಕಡ್ಡಿ, ಹಳೆಯ ಕ್ಯಾಮರಾಗಳು. ಬೆರಳಚ್ಚಿನಿಂದ ವ್ಯಕ್ತಿಯನ್ನು ಗುರುತಿಸುವ ಕೇಂದ್ರವು 1897ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಅಲ್ಲಿ ವರ್ಗೀಕರಣ ಪದ್ಧತಿಯನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಅಧಿಕಾರಿಗಳ ಪಾತ್ರ ದೊಡ್ಡದು. ಈ ತಂತ್ರಕ್ಕೂ ಗಣಿ ಪ್ರದೇಶಕ್ಕೂ ಇರುವ ಸಂಬಂಧವನ್ನು ಮುಂದೆ ವಿವರಿಸಲಾಗಿದೆ.

5.4 ಆಯುಧ ಮತ್ತು ಸಂಪರ್ಕ ಸಾಧನಗಳು: ಹಳೆಯ ಮಸ್ಕೆಟ್‌ಗಳು, .303 ರೈಫಲ್, ಲಾಠಿ, ಕೈಕೋಳ, ಕೊಂಬು, ನಿಸ್ತಂತು ಉಪಕರಣಗಳು. ಪ್ರದರ್ಶನಕ್ಕೆ ಇಡುವ ಬಂದೂಕನ್ನು ಸಿಡಿಯದಂತೆ ಶಾಶ್ವತವಾಗಿ ನಿಷ್ಕ್ರಿಯಗೊಳಿಸಿ, ಆ ಬಗ್ಗೆ ದಾಖಲೆ ಇಡಬೇಕಾಗುತ್ತದೆ.

5.5 ಮೌಖಿಕ ಇತಿಹಾಸ: ನಿವೃತ್ತ ಪೊಲೀಸರು, ಅವರ ಕುಟುಂಬದವರು, ಗಣಿ ಕಾರ್ಮಿಕರು ಮತ್ತು ವರ್ತಕರ ನೆನಪುಗಳನ್ನು ಧ್ವನಿ ಮುದ್ರಿಸಿಕೊಳ್ಳುವುದು. ಈ ಪ್ರದೇಶದಲ್ಲಿ ಹೇಳಿಕೆಯನ್ನು ತಮಿಳು ಅಥವಾ ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಳ್ಳುವುದು ಠಾಣಾ ಬರಹಗಾರರಿಗೆ ಪರಿಚಿತ ಕೆಲಸ. ಇಂತಹ ಕೌಶಲ್ಯವು ಯಾವ ಪುಸ್ತಕದಲ್ಲಿಯೂ ದೊರೆಯುವುದಿಲ್ಲ. ಅದನ್ನು ನಿರ್ವಹಿಸಿದವರ ಮಾತಿನಿಂದಲೇ ತಿಳಿಯಬೇಕು. ಮೇಲ್ಕಂಡ ಎಲ್ಲ ವರ್ಗಗಳ ಪೈಕಿ ಇದೇ ಅತಿ ತುರ್ತಿನದು. ವಸ್ತು ಕಾಯಬಲ್ಲದು, ನೆನಪು ಕಾಯುವುದಿಲ್ಲ.

6. ಕಹಿ ಘಟನೆಗಳಿಗೂ ಸ್ಥಾನ ಬೇಕು

ಪೊಲೀಸ್ ಸಂಗ್ರಹಾಲಯವೆಂದರೆ ಪದಕ ಮತ್ತು ಪ್ರಶಂಸೆಗಳ ಕೊಠಡಿ ಎಂಬ ಭಾವನೆ ಸರಿಯಲ್ಲ. ಗಣಿ ಪ್ರದೇಶದ ಇತಿಹಾಸದಲ್ಲಿ ಪೊಲೀಸ್ ವ್ಯವಸ್ಥೆಗೂ ಕಾರ್ಮಿಕರಿಗೂ ಸಂಬಂಧಿಸಿದ ಎರಡು ಘಟನೆಗಳನ್ನು ಬಿಟ್ಟು ಯಾವ ಸಂಗ್ರಹವೂ ಪೂರ್ಣವಾಗದು.

ಮೊದಲನೆಯದು 1930ರ ಮುಷ್ಕರ. ಕಾರ್ಮಿಕರ ನೋಂದಣಿಗಾಗಿ ಹೆಬ್ಬೆರಳಿನ ಗುರುತು ನೀಡಬೇಕೆಂಬ ಕ್ರಮವನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು ಸುಮಾರು ಮೂರು ವಾರಗಳ ಕಾಲ ಕೆಲಸ ನಿಲ್ಲಿಸಿದರು. ಅಂದು ಬೆರಳಚ್ಚು ಎಂದರೆ ಅಪರಾಧಿಯ ಗುರುತು ಎಂಬ ತಿಳಿವಳಿಕೆ ಜನರಲ್ಲಿತ್ತು. ದುಡಿಯುವವರಿಗೂ ಅದೇ ಕ್ರಮವನ್ನು ಅನ್ವಯಿಸಿದಾಗ ಅದು ಅವರ ಮಾನದ ಪ್ರಶ್ನೆಯಾಯಿತು. ಇಂದು ಆಧಾರ್, ಪಡಿತರ ಮತ್ತು ಪಿಂಚಣಿಗಾಗಿ ಬೆರಳಚ್ಚು ನೀಡುವುದು ಸಾಮಾನ್ಯವಾಗಿದೆ. ಸಂಗ್ರಹಾಲಯದಲ್ಲಿ ಬೆರಳಚ್ಚು ಶಾಯಿಯ ಹಲಗೆಯನ್ನು ನೋಡುವ ವಿದ್ಯಾರ್ಥಿಗೆ, ಅದೇ ವಸ್ತು ಪೊಲೀಸರಿಗೆ ಪತ್ತೆ ಕಾರ್ಯದ ಸಾಧನವೂ ಕಾರ್ಮಿಕರಿಗೆ ಅವಮಾನದ ಸಂಕೇತವೂ ಆಗಿತ್ತು ಎಂಬುದನ್ನು ತಿಳಿಸಬೇಕು.

ಎರಡನೆಯದು 1946ರ ನವೆಂಬರ್ 4ರ ಗೋಲಿಬಾರು. ಕಾರ್ಮಿಕ ಹೋರಾಟದ ಸಂದರ್ಭದಲ್ಲಿ ಪೊಲೀಸರು ಹಾರಿಸಿದ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಗಣಿ ಪ್ರದೇಶದ ಕಾರ್ಮಿಕ ಕುಟುಂಬಗಳಲ್ಲಿ ಈ ನೆನಪು ಜೀವಂತವಾಗಿದೆ. ಪೊಲೀಸ್ ಇತಿಹಾಸವನ್ನು ಹೇಳುವ ಸಂಗ್ರಹಾಲಯವು ಇದನ್ನು ಬಿಟ್ಟುಬಿಟ್ಟರೆ, ಊರಿನವರು ಅದರ ಉಳಿದ ಫಲಕಗಳನ್ನೂ ನಂಬಲಾರರು. ದಿನಾಂಕ, ಸ್ಥಳ, ಮೃತರ ಸಂಖ್ಯೆ ಮತ್ತು ಲಭ್ಯ ದಾಖಲೆಗಳನ್ನು ಯಾವುದೇ ಅಲಂಕಾರವಿಲ್ಲದೆ ಮುಂದಿಡುವುದೇ ಸರಿಯಾದ ಕ್ರಮ. ಕರ್ತವ್ಯದಲ್ಲಿ ಪ್ರಾಣ ತೆತ್ತ ಪೊಲೀಸರ ಹೆಸರುಗಳಿಗೆ ಎಷ್ಟು ಗೌರವ ಸಲ್ಲುವುದೋ, ಪೊಲೀಸರ ಗುಂಡಿಗೆ ಪ್ರಾಣ ತೆತ್ತವರ ಹೆಸರುಗಳಿಗೂ ಅಷ್ಟೇ ನಿಖರತೆ ಸಲ್ಲಬೇಕು.

7. ಠಾಣೆಯ ವಸ್ತು ಸಂಗ್ರಹಾಲಯಕ್ಕೆ ಸೇರುವ ಕ್ರಮ

ಠಾಣೆಯಲ್ಲಿರುವ ಹಳೆಯ ವಸ್ತುಗಳೆಲ್ಲವನ್ನೂ ನೇರವಾಗಿ ಸಂಗ್ರಹಾಲಯಕ್ಕೆ ಸಾಗಿಸಲು ಬರುವುದಿಲ್ಲ. ಇವುಗಳಲ್ಲಿ ಮೂರು ವರ್ಗಗಳಿವೆ.

(ಅ) ಇಲಾಖೆಯ ಸ್ವತ್ತು: ಪೀಠೋಪಕರಣ, ಉಪಕರಣ, ಸಮವಸ್ತ್ರ ಮುಂತಾದವು. ಉಪಯೋಗಕ್ಕೆ ಬಾರದ ವಸ್ತುಗಳನ್ನು ನಿಯಮಾನುಸಾರ ನಿರುಪಯುಕ್ತವೆಂದು ಘೋಷಿಸಿ ಹರಾಜು ಅಥವಾ ನಾಶ ಮಾಡಲಾಗುತ್ತದೆ. ಐತಿಹಾಸಿಕ ಮೌಲ್ಯದ ವಸ್ತುವನ್ನು ಈ ಹಂತಕ್ಕೆ ಮುನ್ನವೇ ಗುರುತಿಸಿ ಪ್ರತ್ಯೇಕಿಸಬೇಕು.

(ಆ) ಪ್ರಕರಣದ ಸ್ವತ್ತು: ತನಿಖೆಯಲ್ಲಿ ವಶಪಡಿಸಿಕೊಂಡ ವಸ್ತುಗಳು. ಇವು ನ್ಯಾಯಾಲಯದ ಅಧೀನದಲ್ಲಿರುತ್ತವೆ. ನ್ಯಾಯಾಲಯದ ಆದೇಶವಿಲ್ಲದೆ ಪ್ರದರ್ಶನಕ್ಕೆ ಪಡೆಯಲು ಅವಕಾಶವಿಲ್ಲ.

(ಇ) ದಾಖಲೆಗಳು: ಪ್ರತಿ ಬಗೆಯ ಕಡತಕ್ಕೂ ಇಂತಿಷ್ಟು ವರ್ಷ ಇಡಬೇಕೆಂಬ ಅವಧಿ ಇರುತ್ತದೆ. ಅವಧಿ ಮುಗಿದ ಕಡತವನ್ನು ನಾಶಪಡಿಸುವ ಮುನ್ನ ಅದರ ಐತಿಹಾಸಿಕ ಮೌಲ್ಯವನ್ನು ಪರಿಶೀಲಿಸುವುದು ಅತಿ ಮುಖ್ಯ. ಒಮ್ಮೆ ನಾಶವಾದ ಕಡತಕ್ಕೆ ಪ್ರತಿ ಇರುವುದಿಲ್ಲ.

ಸಂಗ್ರಹಕ್ಕೆ ಸೇರಿದ ಪ್ರತಿ ವಸ್ತುವಿಗೂ ಕ್ರಮಸಂಖ್ಯೆ ನೀಡಿ, ಅದು ಎಲ್ಲಿಂದ ಬಂದಿತು, ಯಾರು ಬಳಸಿದರು, ಯಾವ ಕಾಲದ್ದು, ಯಾವ ಸ್ಥಿತಿಯಲ್ಲಿದೆ ಎಂಬ ವಿವರಗಳನ್ನು ದಾಖಲಾತಿ ಪುಸ್ತಕದಲ್ಲಿ ಬರೆಯಲಾಗುತ್ತದೆ. ವಿವರವಿಲ್ಲದ ಲಾಠಿ ಬರಿಯ ಕೋಲು. ಊರಿಗಾಂ ಠಾಣೆಯಲ್ಲಿ ಇಂತಹ ವರ್ಷದಲ್ಲಿ ಬಳಕೆಯಲ್ಲಿತ್ತು ಎಂಬ ಒಂದು ಸಾಲು ಸೇರಿದಾಗ ಮಾತ್ರ ಅದು ಇತಿಹಾಸವಾಗುತ್ತದೆ.

8. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ತಮ್ಮ ಮನೆಯಲ್ಲಿ ಪೊಲೀಸ್ ಸೇವೆಗೆ ಸಂಬಂಧಿಸಿದ ಹಳೆಯ ವಸ್ತುಗಳಿದ್ದಲ್ಲಿ ನಾಗರಿಕರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಒಳಿತು.

(ಅ) ಭಾವಚಿತ್ರದ ಹಿಂಬದಿಯಲ್ಲಿ ಮೃದುವಾದ ಸೀಸದ ಕಡ್ಡಿಯಿಂದ ಹೆಸರು, ಸ್ಥಳ ಮತ್ತು ವರ್ಷವನ್ನು ಬರೆಯಿರಿ. ಶಾಯಿಯ ಲೇಖನಿ ಬಳಸಬೇಡಿ. ಹಿರಿಯರು ಜೀವಂತವಿರುವಾಗಲೇ ಅವರನ್ನು ಕೇಳಿ ಗುರುತಿಸಿರಿ.

(ಆ) ಹಳೆಯ ಪದಕ ಮತ್ತು ಹಿತ್ತಾಳೆ ಬಿಲ್ಲೆಗಳನ್ನು ಹುಣಸೆಹಣ್ಣು ಅಥವಾ ರಾಸಾಯನಿಕದಿಂದ ಉಜ್ಜಬೇಡಿ. ಅಕ್ಷರ ಮತ್ತು ಸಂಖ್ಯೆಗಳು ಸವೆದರೆ ಗುರುತೇ ಅಳಿಯುತ್ತದೆ.

(ಇ) ಕಾಗದಗಳನ್ನು ಅಂಟು ಪಟ್ಟಿಯಿಂದ ಜೋಡಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಣಗಿದ, ಬಿಸಿಲು ಬೀಳದ ಸ್ಥಳದಲ್ಲಿ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ.

(ಈ) ವಸ್ತುವನ್ನು ಸಂಗ್ರಹಾಲಯಕ್ಕೆ ನೀಡುವಾಗ ಅದು ದಾನವೋ ಎರವಲೋ ಎಂಬುದನ್ನು ಲಿಖಿತವಾಗಿ ಸ್ಪಷ್ಟಪಡಿಸಿ, ವಸ್ತುವಿನ ವಿವರವುಳ್ಳ ಸ್ವೀಕೃತಿ ಪತ್ರವನ್ನು ಪಡೆಯಿರಿ. ಮೂಲವನ್ನು ಕೊಡಲು ಇಚ್ಛೆಯಿಲ್ಲದಿದ್ದಲ್ಲಿ ಭಾವಚಿತ್ರ ಅಥವಾ ಸ್ಕ್ಯಾನ್ ಪ್ರತಿಯನ್ನು ನೀಡಬಹುದು.

(ಉ) ಹಳೆಯ ಬಂದೂಕು ಅಥವಾ ಗುಂಡುಗಳು ಪರವಾನಗಿಯಿಲ್ಲದೆ ಮನೆಯಲ್ಲಿ ದೊರೆತರೆ ಅವನ್ನು ಸ್ವತಃ ಸಾಗಿಸದೆ ಸಮೀಪದ ಠಾಣೆಗೆ ತಿಳಿಸಿ. ಆಯುಧ ಕಾಯಿದೆ, 1959 ಇದಕ್ಕೆ ಅನ್ವಯಿಸುತ್ತದೆ. ಗಣಿ ಕಾಲದ ಸಿಡಿಮದ್ದು, ಡಿಟೋನೇಟರ್ ಅಥವಾ ಅವುಗಳಂತೆ ಕಾಣುವ ಕೊಳವೆಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಹಳೆಯದಾದಷ್ಟೂ ಇವು ಹೆಚ್ಚು ಅಪಾಯಕಾರಿಯಾಗಬಹುದು.

(ಊ) ಮುಚ್ಚಿದ ಗಣಿಯ ಕಟ್ಟಡ ಮತ್ತು ಬಾವಿಗಳ ಬಳಿ ಹಳೆಯ ವಸ್ತುಗಳನ್ನು ಹುಡುಕಲು ಹೋಗಬೇಡಿ. ಅದು ಅಪಾಯಕಾರಿಯೂ ಹೌದು, ಕಾನೂನುಬಾಹಿರವೂ ಆಗಬಹುದು.

9. ಹಳೆಯ ಪೊಲೀಸ್ ದಾಖಲೆಗಳನ್ನು ಪಡೆಯುವ ಬಗೆ

ಕುಟುಂಬದ ಹಿರಿಯರ ಸೇವಾ ವಿವರ, ಹಳೆಯ ಪ್ರಕರಣ ಅಥವಾ ಸ್ಥಳೀಯ ಇತಿಹಾಸದ ಅಧ್ಯಯನಕ್ಕಾಗಿ ದಾಖಲೆ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರ ರೀತ್ಯಾ ಅರ್ಜಿ ಸಲ್ಲಿಸಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ದಾಖಲೆ ಒದಗಿಸಿದಲ್ಲಿ ಶುಲ್ಕ ವಿನಾಯಿತಿ ಇದೆ. ರಾಜ್ಯದ ನಿಯಮದಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳನ್ನು ಮೀರದಂತೆ ಇರಬೇಕು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ.

ಅಧಿನಿಯಮದ 8ನೇ ಪ್ರಕರಣವು ಕೆಲವು ಮಾಹಿತಿಗಳಿಗೆ ವಿನಾಯಿತಿ ನೀಡಿದೆ. ಆದರೆ ಅದರ (3)ನೇ ಉಪಪ್ರಕರಣದಂತೆ, ಅರ್ಜಿಯ ದಿನಾಂಕಕ್ಕೆ 20 ವರ್ಷಗಳ ಹಿಂದೆ ನಡೆದ ಘಟನೆಗೆ ಸಂಬಂಧಿಸಿದ ಮಾಹಿತಿಗೆ, ದೇಶದ ಭದ್ರತೆ, ಶಾಸನಸಭೆಯ ಹಕ್ಕುಗಳು ಮತ್ತು ಸಚಿವ ಸಂಪುಟದ ಕಾಗದಪತ್ರಗಳಂತಹ ಕೆಲವನ್ನು ಬಿಟ್ಟರೆ, ಉಳಿದ ವಿನಾಯಿತಿಗಳು ಅನ್ವಯಿಸುವುದಿಲ್ಲ. ಗಣಿ ಮುಚ್ಚಿ 20 ವರ್ಷಗಳು ಕಳೆದಿರುವುದರಿಂದ ಗಣಿ ಕಾಲದ ಘಟನೆಗಳನ್ನು ಅಧ್ಯಯನ ಮಾಡುವವರಿಗೆ ಈ ಉಪಬಂಧವು ಉಪಯುಕ್ತ. ಆದರೆ ದಾಖಲೆ ಅಸ್ತಿತ್ವದಲ್ಲಿದ್ದರೆ ಮಾತ್ರ ಅದನ್ನು ಒದಗಿಸಲು ಸಾಧ್ಯ. ಆದ್ದರಿಂದ ಅರ್ಜಿಯಲ್ಲಿ ಠಾಣೆಯ ಹೆಸರು, ವರ್ಷ ಮತ್ತು ಲಭ್ಯವಿದ್ದಲ್ಲಿ ಅಪರಾಧ ಸಂಖ್ಯೆಯನ್ನು ನಮೂದಿಸಬೇಕು.

ಮೈಸೂರು ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗಾಗಿ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಸಂಪರ್ಕಿಸಬಹುದು.

ವಿಶೇಷ ಸೂಚನೆ: ಸಂಗ್ರಹಾಲಯ ಅಥವಾ ಪತ್ರಾಗಾರವು ಪ್ರಮಾಣಪತ್ರ ನೀಡುವ ಕಚೇರಿಯಲ್ಲ. ಉದ್ಯೋಗ ಮುಂತಾದವುಗಳಿಗೆ ಬೇಕಾದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬೇಕು. ದೂರುದಾರರು ತಮ್ಮ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಸಂಬಂಧಪಟ್ಟ ಠಾಣೆಯಿಂದ ಉಚಿತವಾಗಿ ಪಡೆಯಲು ಹಕ್ಕುಳ್ಳವರಾಗಿದ್ದಾರೆ.

10. ಮುಕ್ತಾಯ

ಗಣಿಗಳು 1956ರಲ್ಲಿ ರಾಜ್ಯ ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದವು. 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಅವುಗಳನ್ನು ನಡೆಸಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಇದೇ ಅವಧಿಯಲ್ಲಿ ಪೊಲೀಸ್ ವ್ಯವಸ್ಥೆಯೂ ಬದಲಾಯಿತು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗು ಭಾಗಗಳ ಪೊಲೀಸರು ಒಂದು ರಾಜ್ಯದ ಅಡಿಯಲ್ಲಿ ಬಂದರು. ಇಡೀ ರಾಜ್ಯಕ್ಕೆ ಏಕರೂಪವಾದ 1963ರ ಪೊಲೀಸ್ ಕಾಯಿದೆಯು 1965ರ ಏಪ್ರಿಲ್ 2ರಂದು ಜಾರಿಗೆ ಬಂದಿತು. ಆ ನೆನಪಿಗಾಗಿಯೇ ರಾಜ್ಯದಲ್ಲಿ ಏಪ್ರಿಲ್ 2ನ್ನು ಪೊಲೀಸ್ ಧ್ವಜ ದಿನವನ್ನಾಗಿ ಆಚರಿಸಲಾಗುತ್ತದೆ.

ಈ ಬದಲಾವಣೆಗಳ ನಡುವೆ ಗಣಿ ಪ್ರದೇಶದ ಪೊಲೀಸ್ ಇತಿಹಾಸದ ಸಾಕ್ಷಿಗಳು ಠಾಣೆಯ ಕಪಾಟುಗಳಲ್ಲಿ, ಗಣಿ ವಸತಿ ಸಾಲುಗಳ ಪೆಟ್ಟಿಗೆಗಳಲ್ಲಿ ಮತ್ತು ಹಿರಿಯರ ನೆನಪುಗಳಲ್ಲಿ ಹಂಚಿಹೋಗಿವೆ. ಇವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡರೆ ಅರ್ಧ ಇತಿಹಾಸ ಉಳಿಯುತ್ತದೆ. ಠಾಣೆಯ ದಿನಚರಿಯೊಂದಿಗೆ ಕಾರ್ಮಿಕ ಕುಟುಂಬದ ನೆನಪನ್ನೂ ಇಟ್ಟು ಓದಿದಾಗ, ಒಂದು ಊರನ್ನು ಹೇಗೆ ಕಾಯಲಾಯಿತು, ಆ ಕಾವಲು ಯಾರಿಗೆ ರಕ್ಷಣೆಯಾಯಿತು ಮತ್ತು ಯಾರಿಗೆ ಭಾರವಾಯಿತು ಎಂಬುದು ತಿಳಿಯುತ್ತದೆ.

ಆದ್ದರಿಂದ ಊರಿಗಾಂ, ಬಂಗಾರಪೇಟೆ ಹಾಗೂ ಸುತ್ತಲಿನ ನಾಗರಿಕರು ತಮ್ಮಲ್ಲಿರುವ ಹಳೆಯ ಭಾವಚಿತ್ರ, ಪತ್ರ, ಬಿಲ್ಲೆ ಮತ್ತು ನೆನಪುಗಳನ್ನು ವಿವರಗಳೊಂದಿಗೆ ಕಾಪಾಡಿಕೊಂಡು, ಮುಂದಿನ ಪೀಳಿಗೆಗೆ ತಲುಪಿಸಬೇಕೆಂದು ಕೋರಲಾಗಿದೆ.